ತೋಳಿನ ಅಳತೆ ಯಾರೂ ಕೇಳಲಿಲ್ಲ

“ಮನೆಯಲ್ಲೊಂದು ಬಿಪಿ ಮಿಷನ್ ಇಟ್ಟುಕೊಳ್ಳಿ” ಅಂತ ಡಾಕ್ಟರು ಹೇಳಿದ್ದು ನನಗೊಬ್ಬನಿಗೆ. ಕಾಸರಗೋಡಿನ ಬದಿಯಡ್ಕದಲ್ಲಿ ಬಸ್ಸು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಅದು ಊರಿನ ವಿಷಯವಾಗಿತ್ತು. ಜಗಲಿಯಲ್ಲಿ ಭಾವ ಕವಳ ಜಗಿಯುತ್ತಾ ಕಾಯುತ್ತಿದ್ದರು.

“ಮಣಿಕಟ್ಟಿಗೆ ಕಟ್ಟುವಂಥದ್ದು ತಗೋ. ವಾಚಿನ ಹಾಗೆ. ತೋಟಕ್ಕೂ ಕಟ್ಟಿಕೊಂಡು ಹೋಗಬಹುದು.”

ಮಣಿಕಟ್ಟಿನದ್ದಾದರೆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅಲುಗದೆ ಕೂರಬೇಕು, ಸ್ವಲ್ಪ ಕೆಳಗಾದರೂ ಅಂಕೆ ಏರುತ್ತದೆ, ಹಾಗಾಗಿ ತೋಳಿನದ್ದೇ ವಾಸಿ ಅಂತ ಡಾಕ್ಟರು ಹೇಳಿದ್ದನ್ನು ಒಪ್ಪಿಸಿದೆ. ಭಾವನ ಮುಖ ನೋಡಿದರೆ ಅದು ಡಾಕ್ಟರ ಸ್ವಂತ ಅಭಿಪ್ರಾಯ ಅನ್ನುವ ಹಾಗಿತ್ತು.

ಸಂಜೆಗೆ ಸಭೆ ತುಂಬಿತು. ಪಕ್ಕದ ಮನೆಯವರಿಗೆ ಗಲ್ಫಿನಿಂದ ಬಂದದ್ದೇ ಆಗಬೇಕು. ಅಲ್ಲಿಂದ ಬಂದ ಟಾರ್ಚು ಇಪ್ಪತ್ತು ವರ್ಷದಿಂದ ಉರಿಯುತ್ತಿದೆಯಂತೆ. ಬೆಂಗಳೂರಿನ ಅಳಿಯ ಬ್ಲೂಟೂತ್ ಇರುವುದರ ಲಿಂಕು ಕಳಿಸಿದ. ನನ್ನ ರಕ್ತನಾಳದ ಸುದ್ದಿ ನೇರ ಅವನ ಮೊಬೈಲಿಗೆ ಹೋಗುತ್ತದಂತೆ. ನಮ್ಮ ತೋಟದಲ್ಲಿ ಫೋನ್ ಮಾಡಬೇಕಾದರೆ ಗುಡ್ಡೆ ಹತ್ತಬೇಕು. ಹತ್ತಿದ ಮೇಲೆ ಪ್ರೆಶರು ನೋಡಲು ಮಿಷನ್ ಯಾಕೆ? ದೊಡ್ಡಪ್ಪನದ್ದು ಒಂದೇ ಮಾತು: “ಪಾದರಸದ್ದು ಬಿಟ್ಟರೆ ಬೇರೆಲ್ಲ ಸುಳ್ಳು.” ಪಾದರಸದ ವಿಷಕ್ಕೆ ಸಿಕ್ಕಿ ನರಳಿದ ಜಪಾನಿನ ಮಿನಮಾಟದ ಹೆಸರಿನಲ್ಲೇ 2013ರಲ್ಲಿ ದೇಶದೇಶಗಳು ಒಪ್ಪಂದ ಮಾಡಿಕೊಂಡು ಅದನ್ನು ದೂರ ಇಡುತ್ತಿವೆ ಅಂದೆ. “ಜಪಾನಿನವರಿಗೆ ಮಿಷನ್ ಮಾರಬೇಕಲ್ಲ” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ: ನಿನ್ನ ತೋಳು ಎಷ್ಟು ದಪ್ಪ? ಹೆಂಡತಿ ಹೊಲಿಗೆಯ ಟೇಪು ತಂದು ಸುತ್ತಿದಳು. 35 ಸೆಂಟಿಮೀಟರ್. ಅರ್ಧ ಅಡಿಕೆ ಚೀಲದ ಕೃಪೆ, ಅರ್ಧ ಉಪನಯನದ ಹೋಳಿಗೆಯದ್ದು.

ಮಿಷನ್ನಿನ ಪೆಟ್ಟಿಗೆಯೊಳಗೆ ತೋಳಿಗೆ ಸುತ್ತಲು ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್‌ವರೆಗಿನ ತೋಳಿಗೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಪ್ರೆಶರೂ ತೋರುತ್ತದೆ. ಇದೇನು ನಿನ್ನೆ ಗೊತ್ತಾದದ್ದಲ್ಲ. 1896ರಲ್ಲಿ ಇಟಲಿಯ ವೈದ್ಯ ರಿವಾ-ರೋಚಿ ತೋಳಿಗೆ ಮೊದಲು ಸುತ್ತಿದ ಪಟ್ಟಿ ಬರೀ 5 ಸೆಂಟಿಮೀಟರ್ ಅಗಲದ್ದು. ಅದು ಸಾಲದು, ಲೆಕ್ಕ ಹೆಚ್ಚು ಬರುತ್ತದೆ ಅಂತ 1901ರಲ್ಲೇ ಜರ್ಮನಿಯ ರೆಕ್ಲಿಂಗ್‌ಹೌಸನ್ ತೋರಿಸಿಕೊಟ್ಟಿದ್ದ. ನಮ್ಮೂರಿನ ಉಚಿತ ತಪಾಸಣಾ ಶಿಬಿರಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ. ಅಲ್ಲಿ ಉದ್ಘಾಟನೆ, ಶಾಲು, ಚಹಾ, ಗೋಳಿಬಜೆ ಎಲ್ಲ ಮುಗಿದು, ಬಿಸಿಲಲ್ಲಿ ಮುಕ್ಕಾಲು ಗಂಟೆ ಸಾಲು ನಿಂತವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಿವಿ ಪಕ್ಕ ಮೈಕು ಕಿರುಚುತ್ತಿರುವಾಗ, ಅಂಗಿಯ ಕೈ ಮೇಲೆಯೇ ಪಟ್ಟಿ ಸುತ್ತುತ್ತಾರೆ. ಊರಿಗಿಡೀ ಒಂದೇ ಪಟ್ಟಿ. ಎಲ್ಲರಿಗೂ ಬಿಪಿ ಇದೆ ಅಂತಾಗುತ್ತದೆ. ಮರುದಿನ ಶಿಬಿರ ಯಶಸ್ವಿ ಅಂತ ಪೇಪರಿನಲ್ಲಿ ಬರುತ್ತದೆ.

ತೋಳು ನೋಡದೆ ಪಟ್ಟಿ ಬಿಗಿಸಿಕೊಂಡದ್ದು ನಮಗೆ ಹೊಸದೂ ಅಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಎಳೆಯುವಾಗ ಒಂದು ಬಿಗಿದರು, ಕಾಸರಗೋಡು ಕೇರಳಕ್ಕೆ ಅಂತ. ಎರಡನೇ ರೀಡಿಂಗನ್ನು ಗಡಿ ತಗಾದೆ ನೋಡಿದ ಮಹಾಜನ ಆಯೋಗ 1967ರಲ್ಲಿ ತೆಗೆಯಿತು, ಚಂದ್ರಗಿರಿ ಹೊಳೆಯ ಬಡಗಿನದ್ದು ಕರ್ನಾಟಕದ ಕಡೆಗೆ ಅಂತ. ಅದಿನ್ನೂ ಮೆಮೊರಿಯಲ್ಲೇ ಇದೆ.

ಪೇಟೆಯ ಮದ್ದಿನಂಗಡಿಯ ಹುಡುಗ ಮಲಯಾಳದಲ್ಲಿ ಶುರು ಮಾಡಿ ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದ. ಬಣ್ಣ ಮೂರು ಉಂಟು, ಇಬ್ಬರ ಲೆಕ್ಕ ಬೇರೆ ಬೇರೆ ಇಡುತ್ತದೆ, ಮಾತಾಡುತ್ತದೆ ಕೂಡ. ತೋಳಿನ ಅಳತೆ ಅವನೂ ಕೇಳಲಿಲ್ಲ. ದೊಡ್ಡ ಪಟ್ಟಿ ಬೇಕು ಅಂದಾಗ ಒಳಗೆ ಹೋಗಿ ಹುಡುಕಿ ತಂದ.

“ಎಂತ ಭಾಷೆ ಮಾತಾಡುತ್ತದೆ?”

“ಹಿಂದಿ, ಇಂಗ್ಲಿಷು.”

“ಕನ್ನಡ?”

“ಕನ್ನಡ ಬೇಕಾದರೆ ಮ್ಯೂಟ್ ಮಾಡಬಹುದು.”

ಮನೆಗೆ ತಂದಾಯಿತು. ನೋಡುವ ಕ್ರಮ ಹೀಗೆ: ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಕೂಡದು. ಮೂತ್ರಕ್ಕೆ ಹೋಗಿ ಬರಬೇಕು. ಬೆನ್ನಿಗೆ ಆನಿಕೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ. ಐದು ನಿಮಿಷ ಸುಮ್ಮನೆ. ಪಟ್ಟಿ ಉಬ್ಬುವಾಗಲೂ ಮಾತಿಲ್ಲ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಿಗೆ, ರಾತ್ರಿಯಿಡೀ ತಾಳಮದ್ದಳೆಯಲ್ಲಿ ಕೃಷ್ಣನನ್ನೂ ಕೌರವನನ್ನೂ ಮಾತಿನಲ್ಲೇ ಗೆಲ್ಲಿಸುವವರಿಗೆ, ಐದು ನಿಮಿಷ ಬಾಯಿ ಮುಚ್ಚಲು ಹೇಳುವ ಯಂತ್ರ!

ಕೂತೆ. ಮೂರನೇ ನಿಮಿಷಕ್ಕೆ ಭಾವ, “ಅಡಿಕೆಗೆ ಇವತ್ತು ಎಷ್ಟು?” ಅಂದರು. ಅವರ ಮುಖ ನೋಡಿ ಹೇಳಿಬಿಟ್ಟೆ. ಗುಂಡಿ ಒತ್ತಿದೆ. ಮೇಲಿನ ಅಂಕೆ: 158. ಎಲ್ಲರನ್ನೂ ಜಗಲಿಗೆ ಅಟ್ಟಿ, ಮತ್ತೆ ಐದು ನಿಮಿಷ ಕೂತು ನೋಡಿದೆ: 136. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ: 134. ಮನೆಯಲ್ಲಿ ನೋಡುವುದಕ್ಕೆ 135ರ ಗೆರೆ, ಅದು ದಾಟಿದರೆ ಹೆಚ್ಚು. ಅದೇ ಗೆರೆಯ ಮೇಲೆ ಒಂದು ಕಾಲು ಅತ್ತ, ಒಂದು ಕಾಲು ಇತ್ತ. ಕಾಸರಗೋಡಿನವನಿಗೆ ಅಭ್ಯಾಸ ಉಂಟಲ್ಲ.

ಮೂರನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದಾಗ ಭಾವ ಬಾಗಿಲಿಂದ ಇಣುಕಿದರು.

“ಸಣ್ಣದನ್ನು ಡಾಕ್ಟರಿಗೆ ತೋರಿಸು ಮಾರಾಯ. ದೊಡ್ಡದನ್ನು ಬೆಂಗಳೂರಿನ ಅಳಿಯನಿಗೆ ಕಳಿಸು. ರಜೆ ಹಾಕಿಯಾದರೂ ಬಂದಾನು.”