ಕಿರೀಟ ಹೊತ್ತವನ ಮುಂದೆ ಸನ್ಮಾನ

ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನಂಥ ಪಾತ್ರ, ಕಟ್ಟಿಕೊಂಡವನನ್ನು ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಕಾಯಿಸಬೇಡಿ ಎಂದು ಎಷ್ಟು ಸಲ ಹೇಳಿದರೂ ಸಂಘಟಕರ ಕಿವಿಗೆ ಬೀಳುವುದಿಲ್ಲ. ಒಳಗೆ ಹತ್ತಿಯ ಬನಿಯನ್, ಮೇಲೆ ದಗಲೆಯೆಂಬ ದಪ್ಪ ಅಂಗಿ, ಎದೆಪದಕ, ಭುಜಕೀರ್ತಿ; ಎಲ್ಲವೂ ಬಿಗಿದು ಕಟ್ಟಿದ್ದು. ಕಿರೀಟದ ಮರವೇನೋ ಹಗುರದ್ದೇ, ಆದರೆ ಹೊತ್ತು ಕಳೆದಂತೆ ಕತ್ತು ಹಿಡಿಯುತ್ತದೆ. ಸಡಿಲ ಬಿಟ್ಟರೆ ಧೀಂಗಿಣ ಹಾರಿ ಸುತ್ತುವಾಗ ವಾಲುತ್ತದೆ, ಬಿಗಿದರೆ ಕಣತಲೆ ಸಿಡಿಯುತ್ತದೆ. ಹಳೆಯ ಪಂಚೆಯ ತುಂಡೊಂದನ್ನು ಮಡಚಿ ಹಣೆಗೆ ಕೊಟ್ಟುಕೊಂಡರೆ ತುಸು ವಾಸಿ.

ಇದನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ್ದು ಸನ್ಮಾನ! ಶಾಲು, ಹಾರ, ಹಣ್ಣಿನ ಬುಟ್ಟಿ, ‘ಎರಡೇ ಮಾತು’ ಎಂದು ಮೈಕು ಹಿಡಿದವರ ಅರ್ಧ ಗಂಟೆ. ಇತ್ತ ಚುಕ್ಕಿಚುಕ್ಕಿಯಾಗಿ ಇಟ್ಟ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಒಣಗಿ ಮುಖದ ಚರ್ಮ ಎಳೆಯುತ್ತಿರುತ್ತದೆ. ಮೂಗು ತುರಿಸಿದರೂ ಕೆರೆಯುವಂತಿಲ್ಲ. ನೀರನ್ನು ಕೊಳವೆಯಲ್ಲೇ ಹೀರಬೇಕು, ಅದೂ ಅಳತೆ ನೋಡಿ. ಕಟ್ಟಿದ ಕಚ್ಚೆಯನ್ನು ಬಿಚ್ಚಿ ಮತ್ತೆ ಕಟ್ಟಲು ಯಾರಿಗಿದೆ ಪುರುಸೊತ್ತು?

ಸನ್ಮಾನ ಮಾಡಲೇಬೇಕಿದ್ದರೆ ನಾವು ದಗಲೆ ತೊಡುವ ಮೊದಲೇ ಮುಗಿಸಿ, ಸ್ವಾಮೀ. ಚೌಕಿಗೊಂದು ಫ್ಯಾನ್ ಕೊಡಿ. ಇದ್ದ ಒಂದೂ ಈಗ ಅತಿಥಿಗಳ ಸೋಫಾದ ಕಡೆಗೇ ತಿರುಗಿದೆ.