ಕರಗಿದ ರವೆ

ಜೆಕ್ ಗಣರಾಜ್ಯದ ಕಾರ್ಲೊವಿ ವಾರಿಗೆ ನಾವು ತಲುಪಿದ್ದು ಸೆಪ್ಟೆಂಬರ್ 27ರ ರಾತ್ರಿ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಆ ಊರಿನಲ್ಲಿ ಅಡುಗೆಮನೆಯಿರುವ ಪುಟ್ಟ ಫ್ಲ್ಯಾಟೊಂದನ್ನು ಒಂದು ವಾರಕ್ಕೆ ಹಿಡಿದಿದ್ದೆವು. ಸಸ್ಯಾಹಾರಿಗಳಿಗೆ ಅಲ್ಲಿನ ಹೋಟೆಲುಗಳಲ್ಲಿ ಕರಿದ ಚೀಸೇ ಗತಿ ಎಂದು ಹೋಗಿಬಂದವರೊಬ್ಬರು ಹೆದರಿಸಿದ್ದರಿಂದ ಹೆಂಡತಿ ಸಾಸಿವೆ, ಉದ್ದಿನಬೇಳೆ, ಇಂಗು, ಸಾರಿನಪುಡಿಗಳನ್ನು ಪೊಟ್ಟಣ ಕಟ್ಟಿ ತಂದಿದ್ದಳು. ಉಳಿದ ಸಾಮಾನೆಲ್ಲ ಅಲ್ಲಿಯೇ ಸಿಗುತ್ತದೆ, ಆ ಜವಾಬ್ದಾರಿ ನನ್ನದು ಎಂದು ಎದೆ ತಟ್ಟಿಕೊಂಡವನು ನಾನು.

ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಟರೆ ಸೂಪರ್‌ಮಾರ್ಕೆಟ್ಟಿನ ಬಾಗಿಲು ಮುಚ್ಚಿತ್ತು. ಸೆಪ್ಟೆಂಬರ್ 28 ಅವರ ನಾಡಿನ ಪೋಷಕ ಸಂತ ವಾತ್ಸ್ಲಾಫನ ದಿನ. 200 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅಂದು ವ್ಯಾಪಾರ ಮಾಡಬಾರದೆಂದು 2016ರಿಂದ ಕಾನೂನೇ ಇದೆ. ಹಬ್ಬದ ದಿನವೇ ಭರ್ಜರಿ ವ್ಯಾಪಾರ ನಡೆಯುವ ಊರಿನಿಂದ ಬಂದವನಿಗೆ ಇದು ಹೊಳೆಯುವುದಾದರೂ ಹೇಗೆ? ಕೊನೆಗೆ ನಮ್ಮನ್ನು ಕಾಪಾಡಿದ್ದು ‘ವೆಚೆರ್ಕಾ’ ಎಂಬ ಬೀದಿಬದಿಯ ಸಣ್ಣ ಅಂಗಡಿ. ಸಮಾಜವಾದಿ ಆಡಳಿತದ ಕಾಲದಲ್ಲಿ ಕೆಲಸಕ್ಕೂ ಓದಿಗೂ ಬಂದವರಿಂದ ಅಲ್ಲಿ ಬೇರೂರಿದ ವಿಯೆಟ್ನಾಮೀ ಸಮುದಾಯದವರೇ ಇಂಥ ಅನೇಕ ಅಂಗಡಿಗಳನ್ನು ನಡೆಸುತ್ತಾರೆ. ಅಕ್ಕಿಯೂ ಸಿಕ್ಕಿತು, ಹಸಿಮೆಣಸಿನಕಾಯಿಯೂ ಸಿಕ್ಕಿತು. ಸಂತ ವಾತ್ಸ್ಲಾಫನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಉಳಿದದ್ದು ರವೆ. ಜೆಕ್ ಭಾಷೆಯಲ್ಲಿ ಅದಕ್ಕೆ ‘ಕ್ರುಪಿತ್ಸೆ’ ಎನ್ನುತ್ತಾರೆಂಬುದನ್ನು ವಿಮಾನದಲ್ಲಿಯೇ ಬಾಯಿಪಾಠ ಮಾಡಿದ್ದೆ. ಅಂಗಡಿಯಲ್ಲಿ ಆ ಪದವಿದ್ದ ಕಾಗದದ ಪೊಟ್ಟಣಗಳು ಎರಡು ಬಗೆಯವಿದ್ದವು. ಒಂದನ್ನು ಎತ್ತಿ ಹಿಡಿದು “ಕ್ರುಪಿತ್ಸೆ?” ಎಂದು ಕೇಳಿದೆ. ಗಲ್ಲೆಯಲ್ಲಿದ್ದ ಹುಡುಗ ನಗುತ್ತಲೇ “ನೋ, ನೋ” ಎಂದ. ಅಲ್ಲ ಎಂದು ಇಷ್ಟು ನಗುಮುಖದಿಂದ ಹೇಳುವ ವರ್ತಕರು ನಮ್ಮಲ್ಲಿಯೂ ಇರಬಾರದೇ ಎಂದುಕೊಂಡು ಅದನ್ನು ಕೆಳಗಿಟ್ಟು, ಇನ್ನೊಂದನ್ನು ತೆಗೆದುಕೊಂಡೆ. ಅವನು ನನ್ನನ್ನೂ ಪೊಟ್ಟಣವನ್ನೂ ಒಮ್ಮೆ ನೋಡಿದನೇ ಹೊರತು ಏನೂ ಹೇಳಲಿಲ್ಲ. ಬೆಲೆಗಳೆಲ್ಲ ಅಲ್ಲಿನ ಹಣವಾದ ಕೊರುನಾದ ಜೊತೆಗೆ 90 ಹಲೇರ್ (ಅವರ ಪೈಸೆ) ಎಂದು ಮುಗಿಯುತ್ತಿದ್ದವು. ಹಲೇರ್ ನಾಣ್ಯಗಳಲ್ಲಿ ಕೊನೆಯದೂ 2008ರಲ್ಲಿಯೇ ಚಲಾವಣೆಯಿಂದ ಹೋಗಿರುವುದರಿಂದ, ನಗದು ಕೊಡುವವರ ಲೆಕ್ಕವನ್ನು ಹತ್ತಿರದ ಪೂರ್ತಿ ಕೊರುನಾಕ್ಕೆ ಹೊಂದಿಸುತ್ತಾರೆ. ನಮ್ಮಲ್ಲಿಯಂತೆ ಚಿಲ್ಲರೆಯ ಬದಲು ಚಾಕಲೇಟು ಕೈಗಿಡುವುದಿಲ್ಲ.

ಸಂಜೆ ಉಪ್ಪಿಟ್ಟಿನ ಸಿದ್ಧತೆ ನಡೆಯಿತು. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ರವೆ ಹುರಿಯುವ ಹೊಣೆ ನನಗೆ ಬಂತು. ಬಾಣಲೆಗೆ ಸುರಿದಾಗ ಅದು ದೀಪದ ಬೆಳಕಿಗೆ ಮಿಣಮಿಣ ಹೊಳೆಯಿತು. ಗಾಜಿನ ಕೆಲಸಕ್ಕೆ ಲೋಕಪ್ರಸಿದ್ಧವಾದ ಬೊಹೀಮಿಯದಲ್ಲಿ, ಎಂದರೆ ಜೆಕ್ ನಾಡಿನ ಈ ಪಶ್ಚಿಮ ಭಾಗದಲ್ಲಿ, ರವೆಯೂ ಹೊಳೆದರೆ ಅಚ್ಚರಿಯೇನು ಎಂದುಕೊಂಡೆ. ಐದು ನಿಮಿಷ ಕೈಯಾಡಿಸಿದರೂ ಘಮ ಬರಲಿಲ್ಲ. ಅನಂತರ ಅಂಚಿನ ಕಾಳುಗಳು ಒಂದಕ್ಕೊಂದು ಅಂಟಿಕೊಂಡವು, ಹಳದಿಯಾದವು, ನೋಡನೋಡುತ್ತಿದ್ದಂತೆ ನೀರಾದವು.

“ರೀ, ಏನದು, ಮಿಠಾಯಿ ಅಂಗಡಿ ವಾಸನೆ?” ಎಂದು ಹೆಂಡತಿ ತಿರುಗಿದಳು.

“ಇಲ್ಲಿಯ ರವೆ ಕರಗುತ್ತದೆ” ಎಂದೆ. ಇಪ್ಪತ್ತೆರಡು ವರ್ಷಗಳ ದಾಂಪತ್ಯದಲ್ಲಿ ನನ್ನನ್ನು ಆಕೆ ಅಷ್ಟು ಹೊತ್ತು ರೆಪ್ಪೆ ಮಿಟುಕಿಸದೆ ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಹೊಗೆ ಎದ್ದು, ಕೆಳಮನೆಯಲ್ಲಿದ್ದ ಮನೆಯೊಡತಿ ಮೇಲೆ ಬಂದರು. ಪೊಟ್ಟಣವನ್ನು ಓದಿ, ಅವರು ಅಲ್ಲಿಯೇ ಕುರ್ಚಿಯ ಮೇಲೆ ಕುಳಿತು ನಕ್ಕರು. ‘ಕ್ರುಪಿತ್ಸೆ’ಗೆ ಮೊದಲು ಇನ್ನೊಂದು ಪದವಿತ್ತು: ‘ತ್ಸುಕ್ರ್’. ಅಂದರೆ ಸಕ್ಕರೆ. ರವೆಯಷ್ಟು ಸಣ್ಣ ಕಾಳಿನದಾದ್ದರಿಂದ ಅದಕ್ಕೂ ರವೆಯ ಹೆಸರೇ. ಅದರ ನಡುವೆ ಅವರ ಗಂಡ ಫೋನ್ ಮಾಡಿದರು. ಈಕೆ ತಲೆಯಾಡಿಸುತ್ತ “ನೋ, ನೋ, ನೋ” ಎಂದು ಒಪ್ಪುತ್ತಲೇ ಹೋದರು. ವಿಚಾರಿಸಿದಾಗ ತಿಳಿಯಿತು, ಜೆಕ್ಕರ ಆಡುಮಾತಿನ ‘ನೋ’ ನಮ್ಮ ‘ಹೂಂ’ ಇದ್ದ ಹಾಗೆ. ಪಾಪ, ಅಂಗಡಿಯ ಹುಡುಗ ಹೌದು ಹೌದು ಎಂದಿದ್ದ. ನಾನು ಅಸಲಿ ರವೆಯನ್ನು ಕೆಳಗಿಟ್ಟು ಬಂದಿದ್ದೆ. ಗಟ್ಟಿಯಾದ ಪಾಕ ಬಾಣಲೆಯನ್ನು ಬಿಟ್ಟು ಏಳಲು ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಯಬೇಕಾಯಿತು. ಬಿಸಿನೀರಿಗೇನು, ಊರಿನ ವ್ರಿಡ್ಲೊ ಬುಗ್ಗೆಯಲ್ಲಿ 70 ಡಿಗ್ರಿ ಮೀರಿದ ನೀರು ಹಗಲಿರುಳೂ ಚಿಮ್ಮುತ್ತಿತ್ತು.

ಉಡುಗೊರೆಗಳನ್ನು ಹೆಂಡತಿಯೇ ಆರಿಸಿದಳು, ನಾನು ಚೀಲ ಹೊತ್ತೆ. ಬುಗ್ಗೆಯ ನೀರು ಕುಡಿಯುವ ಪಿಂಗಾಣಿ ಬಟ್ಟಲು ಕೊಂಡೆವು. ಅದರ ಹಿಡಿಯೇ ಪೊಳ್ಳು, ಅದರ ತುದಿಗೆ ಬಾಯಿಟ್ಟು ಹೀರಬೇಕು, ಥೇಟು ಮಕ್ಕಳಿಗೆ ಹಾಲು ಕುಡಿಸುವ ಒಳಲೆಯ ದೊಡ್ಡಣ್ಣ. ನೀರು ಮಾತ್ರ ತುಕ್ಕು ಹಿಡಿದ ಕೊಳಾಯಿಗೆ ಉಪ್ಪು ಸವರಿದಂತಿತ್ತು. ಮಕ್ಕಳಿಗೆ ಕೊಹಿನೂರ್ ಪೆನ್ಸಿಲ್ ಕೊಂಡೆವು. 1790ರಲ್ಲಿ ವಿಯೆನ್ನದಲ್ಲಿ ಹುಟ್ಟಿ ಆಮೇಲೆ ಬೊಹೀಮಿಯಕ್ಕೆ ಬಂದ ಕಂಪನಿಯದು. ವಜ್ರವಂತೂ ಲಂಡನ್ನಿನಿಂದ ಬರುವ ಲಕ್ಷಣವಿಲ್ಲ, ಪೆನ್ಸಿಲಾದರೂ ಬರಲಿ. ದೊಡ್ಡಮ್ಮನಿಗೆಂದು ‘ಒಪ್ಲಾಟ್ಕಿ’ಯ ಡಬ್ಬಿ ತೆಗೆದುಕೊಂಡೆವು. ಊಟದ ತಟ್ಟೆಗಿಂತ ತುಸು ಸಣ್ಣದಾದ, ಗುಂಡಗಿನ, ತೆಳ್ಳಗಿನ ವೇಫರ್ ಅದು. ಎರಡು ಪದರಗಳ ನಡುವೆ ಹೇಜಲ್‌ನಟ್ ಪುಡಿಯನ್ನೂ ಸಕ್ಕರೆಯನ್ನೂ ಹರಡಿರುತ್ತಾರೆ.

ಶಿವಮೊಗ್ಗದಲ್ಲಿ ಡಬ್ಬಿಯನ್ನು ದೊಡ್ಡಮ್ಮನ ಕೈಗಿತ್ತು, ಬಸ್ಸಿನ ಅವಸರದಲ್ಲಿ ಹೆಚ್ಚೇನೂ ಹೇಳದೆ ಹೆಂಡತಿ ಹೊರಟುಬಂದಳು. ಭಾನುವಾರ ಮಧ್ಯಾಹ್ನ ಫೋನ್ ಬಂತು.

“ಅಲ್ಲ ಕಣೇ, ಎಂಥ ಹಪ್ಪಳ ತಂದ್ಕೊಟ್ಯೇ? ಎಣ್ಣೆ ಚೆನ್ನಾಗಿ ಕಾಯ್ಸೇ ಬಿಟ್ಟೆ. ಅರಳೋದಿರ್ಲಿ, ಕರಗಿ ಬಾಣಲೆ ತಳ ಹಿಡೀತು.”

ಫೋನಿನ ಸ್ಪೀಕರ್ ತೆರೆದೇ ಇತ್ತು. ಹೆಂಡತಿ ನನ್ನತ್ತ ತಿರುಗಲಿಲ್ಲ. “ಬಿಸಿನೀರಲ್ಲಿ ನೆನೆಹಾಕಿ ದೊಡ್ಡಮ್ಮ, ಬೆಳಿಗ್ಗೆ ಹೊತ್ತಿಗೆ ಬಿಡುತ್ತೆ” ಎಂದಳು.