ಸ್ಪಷ್ಟನೆ: ಸ್ಫ್ಯಾಗ್ನಮ್ ಬೇಗ ಚಿಗುರುತ್ತದೆ, ಪೀಟ್ ಬೇಗ ತುಂಬುವುದಿಲ್ಲ

‘ಸ್ಫ್ಯಾಗ್ನಮ್ ಹಾವಸೆ ಕೆಲವೇ ವರ್ಷಗಳಲ್ಲಿ ಮತ್ತೆ ಬೆಳೆಯುತ್ತದೆ, ಹಾಗಾಗಿ ಪೀಟ್ ಅಗೆದರೆ ಜೌಗಿಗೆ ನಷ್ಟವಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಮೊದಲರ್ಧ ಹೆಚ್ಚುಕಡಿಮೆ ಸರಿ, ಉಳಿದದ್ದು ತಪ್ಪು.

ಬೆಳೆಯುವುದು ತುದಿಯ ಹಸಿರು ತಲೆ ಮಾತ್ರ. ಅದರಡಿ ಸತ್ತು, ನೀರಲ್ಲಿ ಮುಳುಗಿ, ಆಮ್ಲಜನಕ ಸಿಗದೆ ಅರೆಬರೆ ಕೊಳೆತದ್ದು ಪೀಟ್. ಅದು ಸೇರುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ ಒಂದು ಮೀಟರಿಗೆ ಸಾವಿರ ವರ್ಷ.

ಬೇರೇ ಇಲ್ಲದ ಈ ಸಸ್ಯದ ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಹಸಿರು ಕೋಶಗಳ ಸಪೂರ ಜಾಲ, ನಡುವೆ ರಂಧ್ರಗಳಿರುವ ದೊಡ್ಡ ಸತ್ತ ಕೋಶಗಳು ಕಾಣುತ್ತವೆ. ಒಣತೂಕದ 15–20 ಪಟ್ಟು ನೀರು ಹಿಡಿದಿಡುವಲ್ಲಿ ಈ ಖಾಲಿ ಕೋಶಗಳ ಪಾತ್ರ ದೊಡ್ಡದು. ಕೋಶಭಿತ್ತಿ ಖನಿಜ ಅಯಾನುಗಳನ್ನು ಹಿಡಿದು ಹೈಡ್ರೋಜನ್ ಅಯಾನು ಬಿಡುವುದರಿಂದ ನೀರು ಆಮ್ಲೀಯವಾಗುತ್ತದೆ, ಕೊಳೆಸುವ ಜೀವಿಗಳು ಮಂದವಾಗುತ್ತವೆ.

ಅಗೆಯಲೆಂದು ನೀರು ಬಸಿದರೆ ಗಾಳಿ ಒಳನುಗ್ಗಿ, ಕೂಡಿಟ್ಟ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಕಾಲುವೆ ತೆರೆದೇ ಇದ್ದರೆ, ಅಗೆತ ನಿಂತ ಮೇಲೂ.

ಅಗೆದ ಜೌಗನ್ನು ಮತ್ತೆ ಚಿಗುರಿಸಲು ಕೆನಡಾದಲ್ಲಿ ಕಾಲುವೆ ಮುಚ್ಚಿ, ಬೇರೆ ಜೌಗಿನ ಮೇಲ್ಪದರದ ಹಾವಸೆಯನ್ನು ಸುಮಾರು ಹತ್ತು ಪಟ್ಟು ಜಾಗಕ್ಕೆ ಹರಡಿ, ಹೆಕ್ಟೇರಿಗೆ ಸುಮಾರು 3000 ಕೆ.ಜಿ. ಒಣಹುಲ್ಲು ಹೊದಿಸುತ್ತಾರೆ. ಹುಲ್ಲಿನ ಖರ್ಚು ಉಳಿಸಲು ಹೋದರೆ ಹಾವಸೆಯ ತುಣುಕುಗಳು ನೆಲೆಯೂರುವ ಮಾತಿರಲಿ, ಚಿಗುರುವ ಮೊದಲೇ ಒಣಗುತ್ತವೆ.